ಹಳೇ ಮುಖಪುಟ, ಹೊಸ ಗೋಡೆ: ರಾಕ್ಷಸನ ಮೈಬಣ್ಣ ತೀರ್ಮಾನಿಸೋರು ಯಾರು?



ಉದ್ದದ ಪೋಸ್ಟ್ ಇದು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಬೈಯೋರಿದ್ದರೆ ಓದಿ ಮುಗಿಸಿದ ಮೇಲೆ ಬೈಯಿರಿ.

ಒಂದು ವಾರದಿಂದ ನನಗೆ ಬರ್ತಿರೋ ಫೋನು, ಮೆಸೇಜುಗಳ ಸಾರಾಂಶ ಒಂದೇ. "ಏನ್ರೀ ಸರ, ಸಣ್ಣ ಹುಡುಗರ ಚಿತ್ರದ ಪುಸ್ತಕದಾಗೂ ಜಾತಿ ಹುಡುಕ್ತೀರೇನ್ರಿ? ನಿಮಗ ಬ್ಯಾರೆ ಉದ್ಯೋಗ ಇಲ್ಲೇನು?" ಹೀಗೆ ಕೇಳಿದವರಲ್ಲಿ ನಮ್ಮ ಜೊತೆ ವೇದಿಕೆ ಹಂಚಿಕೊಂಡ ಪ್ರಗತಿಪರರೂ ಇದ್ದಾರೆ. ಹಾಗಾಗಿ ಒಬ್ಬೊಬ್ಬರಿಗೆ ಉತ್ತರ ಕೊಡೋ ಬದಲು ಇಲ್ಲೇ ಬರೀತಿದ್ದೀನಿ.

ವಿಷಯ ಇಷ್ಟು. ನಮ್ಮ ಜಿಲ್ಲೆಯ ಒಂದು ಸರ್ಕಾರಿ ಶಾಲೆ. ಹಾವೇರಿಯೋ, ರಾಣೆಬೆನ್ನೂರೋ, ಬ್ಯಾಡಗಿಯೋ, ಹೇಳಲ್ಲ. ಹೇಳಿದರೆ ಚರ್ಚೆ ಹೆಡ್‌ಮಾಸ್ತರ ಮೇಲೆ ಹೋಗುತ್ತೆ, ವಿಷಯ ತಪ್ಪುತ್ತೆ. ಆ ಶಾಲೆಯ ಹಳೇ ವಿದ್ಯಾರ್ಥಿಗಳು ಕೂಡಿ ಕಾಂಪೌಂಡ್ ಗೋಡೆಗೆ ಚಿತ್ರ ಬರೆಸೋಣ ಅಂದ್ರು. ಅವರಲ್ಲೊಬ್ಬರು ಹಳೇ ಕಾಮಿಕ್ಸ್ ಸಂಗ್ರಹಕಾರರು. ಅಮರ ಚಿತ್ರಕಥೆ, ಇಂದ್ರಜಾಲ ಕಾಮಿಕ್ಸ್, ಚಂದಮಾಮ ಎಲ್ಲ ಪ್ಲಾಸ್ಟಿಕ್ ಕವರ್ ಹಾಕಿ ಜೋಡಿಸಿಟ್ಟಿದ್ದಾರೆ. ಮನೆ ಹಾಲ್‌ನಲ್ಲಿ ಹಳೇ ಮುಖಪುಟಗಳನ್ನ ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಮತ್ತೆ ಬರೆಸಿ ತೂಗುಹಾಕಿದ್ದಾರೆ. ಅದೇ ರೀತಿ ಹತ್ತು ಮುಖಪುಟ ಶಾಲೆ ಗೋಡೆ ಮೇಲೆ ಬರೆಸೋದು ಅಂತ ತೀರ್ಮಾನ. ಬರೆಯೋ ಪೇಂಟರ್ ಕಾಕಾ ನಮ್ಮ ಕೇರಿಯವರು.

ನಾನು ಕೇಳಿದ್ದು ಮೂರೇ ಮಾತು. ಒಂದು, ರಾಕ್ಷಸರನ್ನೆಲ್ಲ ಅದೇ ಕಪ್ಪು ಮೈಯಲ್ಲಿ ಹತ್ತಡಿ ಎತ್ತರಕ್ಕೆ ಮಕ್ಕಳ ಮುಂದೆ ನಿಲ್ಲಿಸಬೇಕಾ? ಎರಡು, ಅಮರ ಚಿತ್ರಕಥೆಯಲ್ಲೇ ಬಾಬಾಸಾಹೇಬರ ಸಂಚಿಕೆ ಇದೆಯಲ್ಲ, ಹತ್ತರಲ್ಲಿ ಅದು ಯಾಕಿಲ್ಲ? ಮೂರು, ಕಾಕಾನ ಹೆಸರು ಗೋಡೆ ಮೇಲೆ ಬರುತ್ತಾ?

ಬಂದ ಉತ್ತರಗಳು: ಮೊದಲನೆಯದಕ್ಕೆ "ಒರಿಜಿನಲ್ ಹೆಂಗೈತೋ ಹಂಗ ಇರಬೇಕು". ಎರಡನೆಯದಕ್ಕೆ "ಸುಮ್ಮನ ವಿವಾದ ಯಾಕ್ರೀ". ಮೂರನೆಯದಕ್ಕೆ "ದಾನಿಗಳ ಹೆಸರಿಗೇ ಜಾಗ ಸಾಲವಲ್ದು".

ಈ ಮೂರು ಉತ್ತರಗಳ ಮೇಲೇ ಈ ಪೋಸ್ಟ್.

ಮೊದಲೇ ಹೇಳ್ತೀನಿ, ಹಳೇ ಮುಖಪುಟ ಸಂಗ್ರಹಿಸೋದು ನನಗೆ ಕೆಟ್ಟದ್ದಾಗಿ ಕಾಣಲ್ಲ. ರದ್ದಿ ಅಂಗಡಿ ತಕ್ಕಡಿಗೆ ಹೋಗಬೇಕಿದ್ದ ಹಾಳೆಗಳನ್ನ ಉಳಿಸಿದವರು ಅವರು. ಅದರಲ್ಲಿ ನಮ್ಮ ನಾಡಿನ ಚರಿತ್ರೆಯೂ ಇದೆ. ಅಮರ ಚಿತ್ರಕಥೆ ಅಂದ್ರೆ ಎಲ್ಲರೂ ಮುಂಬಯಿ, 1967, ಅನಂತ ಪೈ ಅಂತಾರೆ. ಪೈ ಅವರು ಕಾರ್ಕಳದವರು ಅನ್ನೋದೂ ಗೊತ್ತಿರುತ್ತೆ. ಆದರೆ ಬೆಂಗಳೂರಿನ ಐಬಿಎಚ್‌ನ ಜಿ.ಕೆ. ಅನಂತರಾಮ್ ಅವರು 1965ರಲ್ಲೇ ಈ ಹೆಸರಿನ ಮಾಲೆಯನ್ನ ಕನ್ನಡದಲ್ಲಿ ತಂದಿದ್ದರು. ಮೊದಲ ಹತ್ತು ಸಂಚಿಕೆ ಕನ್ನಡದವು, ಅದಕ್ಕೇ ಇಂಗ್ಲಿಷ್ ಮಾಲೆ ಹನ್ನೊಂದನೇ ನಂಬರಿನಿಂದ ಶುರುವಾಯ್ತು ಅಂತ ಅವರೇ ಹೇಳಿದ್ದಾರೆ. ಚಂದಮಾಮ 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಮರುವರ್ಷ ಕನ್ನಡಕ್ಕೆ ಬಂತು. ಅದರ ಮಹಾಭಾರತದ ಮುಖಪುಟಗಳನ್ನ ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡದವರು. ಆಮೇಲೆ ವಡ್ಡಾದಿ ಪಾಪಯ್ಯ ಬಂದರು. ವಿಕ್ರಮ-ಬೇತಾಳ ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟೋ ಆ ಚಿತ್ರ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಅದು ಶಂಕರ್ ಅವರದ್ದು. 2020ರಲ್ಲಿ ತೀರಿಕೊಂಡರು. ಅಮರ ಚಿತ್ರಕಥೆಗೆ ರಾಮ್ ವಾಯೀರ್‌ಕರ್, ಪ್ರತಾಪ್ ಮುಳಿಕ್, ದಿಲೀಪ್ ಕದಂ. ಇವರ ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ. ಆ ಗೆರೆ ನೋಡಿ ಬೆಳೆದವರಲ್ಲಿ ನಾನೂ ಒಬ್ಬ.

ನನ್ನ ತಕರಾರು ಮತ್ತೆ ಬರೆಸೋದರ ಬಗ್ಗೆ. ಹಳೇ ಪುಸ್ತಕ ಇಟ್ಟುಕೊಳ್ಳೋದು ಒಂದು ಕೆಲಸ. ಅದರ ಮುಖಪುಟವನ್ನ ಇವತ್ತು, ಇವತ್ತಿನ ಬಣ್ಣದಲ್ಲಿ, ಇವತ್ತಿನ ಗೋಡೆ ಮೇಲೆ ಬರೆಸೋದು ಬೇರೆ ಕೆಲಸ. ಮೊದಲನೆಯದು ನೆನಪು. ಎರಡನೆಯದು ಇವತ್ತಿನ ತೀರ್ಮಾನ. ಯಾವ ಹತ್ತು ಅನ್ನೋದು ತೀರ್ಮಾನ, ಯಾರ ಮೈಗೆ ಯಾವ ಬಣ್ಣ ಅನ್ನೋದು ತೀರ್ಮಾನ, ಕೆಳಗೆ ಯಾರ ಹೆಸರು ಅನ್ನೋದೂ ತೀರ್ಮಾನ. 1970ರ ಹೆಗಲ ಮೇಲೆ ಜವಾಬ್ದಾರಿ ಹೊರಿಸಿ ನೀವು ಕೈತೊಳ್ಕೊಳ್ಳೋ ಹಾಗಿಲ್ಲ.

*ಒರಿಜಿನಲ್ ಹೆಂಗೈತೋ ಹಂಗ*

ಹೊರದೇಶದಲ್ಲಿ ಈ ಮುಖಪುಟದ ಹುಚ್ಚು ಬಹಳ ಹಳೇದು, ಬಹಳ ದುಬಾರಿ. ಟಿನ್‌ಟಿನ್ ಬರೆದ ಬೆಲ್ಜಿಯಂನ ಹರ್ಜೆ ಇದ್ದಾನಲ್ಲ, 'ದ ಬ್ಲೂ ಲೋಟಸ್' ಪುಸ್ತಕದ ಮುಖಪುಟಕ್ಕೆ ಅಂತ ಅವನು 1936ರಲ್ಲಿ ಬರೆದ ಚಿತ್ರ 2021ರ ಜನವರಿಯಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಸುಮಾರು 32 ಲಕ್ಷ ಯೂರೋಗೆ ಹೋಯ್ತು. ನಮ್ಮ ಲೆಕ್ಕದಲ್ಲಿ 28 ಕೋಟಿ ರೂಪಾಯಿ ಆಸುಪಾಸು. ಒಂದು ಹಾಳೆಗೆ!

ಅದೇ ಹರ್ಜೆಯ ಇನ್ನೊಂದು ಪುಸ್ತಕ 'ಟಿನ್‌ಟಿನ್ ಇನ್ ದ ಕಾಂಗೋ'. 1930-31ರಲ್ಲಿ ಬರೆದದ್ದು. ಕಾಂಗೋ ಆಗ ಬೆಲ್ಜಿಯಂನ ವಸಾಹತು. ಅದರಲ್ಲಿ ಟಿನ್‌ಟಿನ್ ಶಾಲೆಯೊಂದರಲ್ಲಿ ಕಪ್ಪು ಮಕ್ಕಳಿಗೆ ಪಾಠ ಮಾಡ್ತಾನೆ. ಪಾಠ ಏನು? ನಿಮ್ಮ ದೇಶ ಬೆಲ್ಜಿಯಂ ಅಂತ. 1946ರಲ್ಲಿ ಆ ಪುಸ್ತಕವನ್ನ ಬಣ್ಣದಲ್ಲಿ ಮತ್ತೆ ಬರೆಯೋವಾಗ ಸ್ವತಃ ಹರ್ಜೆಯೇ ಆ ಪಾಠ ತೆಗೆದು ಗಣಿತದ ಲೆಕ್ಕ ಹಾಕಿಬಿಟ್ಟ. ನೋಡಿ, ಬರೆದವನೇ ಮತ್ತೆ ಬರೆಯೋವಾಗ ಬದಲಾಯಿಸಿದ. ಒರಿಜಿನಲ್ ಪವಿತ್ರ ಅಂತ ಅವನಿಗೇ ಅನಿಸಲಿಲ್ಲ. ಆದರೆ ಅರ್ಧ ಮಾತ್ರ ಬದಲಾಯಿಸಿದ. ಪಾಠ ಹೋಯ್ತು, ಆ ಮಕ್ಕಳ ದಪ್ಪ ತುಟಿಯ ಗೇಲಿ ಮುಖ ಹಾಗೇ ಉಳೀತು. 2007ರಲ್ಲಿ ಬೆಲ್ಜಿಯಂನಲ್ಲಿದ್ದ ಕಾಂಗೋದ ಒಬ್ಬ ವಿದ್ಯಾರ್ಥಿ ಅದರ ಮೇಲೆ ಕೋರ್ಟಿಗೆ ಹೋದ. 2012ರಲ್ಲಿ ಕೇಸು ಬಿದ್ದುಹೋಯ್ತು. ಆದರೂ ಆ ಪುಸ್ತಕವನ್ನ ಮಕ್ಕಳ ಕಪಾಟಿನಲ್ಲಿ ಇಡಬೇಕಾ, ದೊಡ್ಡವರ ಕಪಾಟಿಗೆ ಒಯ್ಯಬೇಕಾ ಅನ್ನೋ ಪ್ರಶ್ನೆ ದೇಶ ದೇಶ ಸುತ್ತಿತು. ಅಷ್ಟು ಆದದ್ದೂ ಆ ಒಬ್ಬ ಹುಡುಗನಂಥವರು ಕೇಳಿದ್ದಕ್ಕೆ.

ಈಗ ನಮ್ಮ ಗೋಡೆಗೆ ಬನ್ನಿ.

ಕೃಷ್ಣ ಅಂದ್ರೆ ಏನ್ರೀ ಅರ್ಥ? ಕಪ್ಪು. ಪಂಡಿತರನ್ನ ಕೇಳೋದು ಬೇಡ, ರಾಣೆಬೆನ್ನೂರಿನವರನ್ನ ಕೇಳಿ. 1974ರಿಂದ ಅಲ್ಲಿ ಕೃಷ್ಣಮೃಗ ಅಭಯಾರಣ್ಯ ಇದೆ. ಕೃಷ್ಣಮೃಗ ಅಂದ್ರೆ ಕಪ್ಪು ಜಿಂಕೆ. ನೀಲಿ ಜಿಂಕೆ ಅಂತ ಯಾರಾದ್ರೂ ಅಂದ್ರೆ ಅಲ್ಲಿನ ದನಕಾಯೋ ಹುಡುಗ ನಗ್ತಾನೆ. ಕೃಷ್ಣಪಕ್ಷ ಅಂದ್ರೆ ಕತ್ತಲ ಪಕ್ಷ. ಮಹಾಭಾರತ ಬರೆದ ವ್ಯಾಸನ ಹೆಸರು ಕೃಷ್ಣದ್ವೈಪಾಯನ. ದ್ರೌಪದಿಗೆ ಕೃಷ್ಣೆ ಅಂತಲೇ ಹೆಸರು. ಕಥೆಯೊಳಗೆ ಇವರೆಲ್ಲ ಕಪ್ಪು. ಮುಖಪುಟಕ್ಕೆ ಬರೋ ಹೊತ್ತಿಗೆ ಕೃಷ್ಣ ನೀಲಿ ಆಗ್ತಾನೆ, ನಾನು ನೋಡಿದ ಮುಖಪುಟಗಳಲ್ಲೆಲ್ಲ ದ್ರೌಪದಿ ಗೋಧಿಬಣ್ಣಕ್ಕೆ ತಿರುಗಿರ್ತಾಳೆ. ಹಾಗಾದ್ರೆ ಮಿಕ್ಕ ಕಪ್ಪು ಬಣ್ಣ ಎಲ್ಲಿಗೆ ಹೋಯ್ತು? ರಾಕ್ಷಸನ ಮೈಗೆ, ಬೇಡನ ಮೈಗೆ, ಕಾಡಿನವನ ಮೈಗೆ. ಚಪ್ಪಟೆ ಮೂಗು, ದಪ್ಪ ತುಟಿ, ಕೆದರಿದ ಕೂದಲು, ಹೊಟ್ಟೆ. ಯಾರ ಮುಖ ಅದು? ನಮ್ಮ ಅಪ್ಪಂದಿರ ಮುಖ.

ಇದು ನಾನೊಬ್ಬ ಕಂಡುಹಿಡಿದ ಸಂಗತಿ ಏನಲ್ಲ. ನಂದಿನಿ ಚಂದ್ರ 2008ರಲ್ಲಿ, ಕಾರ್ಲೈನ್ ಮೆಕ್ಲೇನ್ 2009ರಲ್ಲಿ ಅಮರ ಚಿತ್ರಕಥೆ ಮೇಲೆ ಇಡೀ ಪುಸ್ತಕಗಳನ್ನೇ ಬರೆದಿದ್ದಾರೆ. ಜಾತಿ, ಲಿಂಗ, ಧರ್ಮ ಆ ಚಿತ್ರಗಳಲ್ಲಿ ಹೆಂಗೆ ಕೂತಿವೆ ಅಂತ ಬಿಡಿಸಿ ತೋರಿಸಿದ್ದಾರೆ. ರವಿವರ್ಮನ ಪ್ರೆಸ್ಸಿನ ಕ್ಯಾಲೆಂಡರ್ ಚಿತ್ರಗಳಿಂದ ಹಿಡಿದು ಬಂದ ದಾರಿ ಅದು.

"ಅಯ್ಯ, ಮಕ್ಕಳಿಗೆ ಅದೆಲ್ಲಾ ತಿಳಿಯೋದಿಲ್ಲ ಬಿಡ್ರಿ" ಅಂತಾರೆ. ತಿಳಿಯುತ್ತೆ ಸ್ವಾಮಿ, ಬಹಳ ಚೆನ್ನಾಗಿ ತಿಳಿಯುತ್ತೆ. ನಿಮ್ಮೂರ ಶಾಲೆ ಗ್ಯಾದರಿಂಗ್‌ನಲ್ಲಿ ರಾಮನ ಪಾತ್ರ ಯಾರಿಗೆ ಕೊಡ್ತಾರೆ, ರಾವಣನ ಕಡೆಯವರನ್ನ ಯಾರಿಂದ ಮಾಡಿಸ್ತಾರೆ ಅಂತ ಒಮ್ಮೆ ಎಣಿಸಿ ನೋಡಿ. ಮುಖಕ್ಕೆ ಮಸಿ ಹಚ್ಚೋ ಖರ್ಚೂ ಉಳೀತು ಅಂತ ನಕ್ಕಿದ್ದನ್ನ ಕೇಳಿಸ್ಕೊಂಡು ಬೆಳೆದವರು ಈ ಪೋಸ್ಟ್ ಓದ್ತಿರೋರಲ್ಲೇ ಎಷ್ಟು ಜನ ಇದ್ದೀರಿ! ಮಹಿಷ ನಮ್ಮವನು ಅಂತ ಮೈಸೂರಲ್ಲಿ ಮಹಿಷ ದಸರಾ ಮಾಡಹೊರಟವರನ್ನ 2019ರಲ್ಲಿ ಹೆಂಗೆ ತಡೆದರು ಅನ್ನೋದು ಮರೆತಿಲ್ಲ. ದೊಡ್ಡವರ ಆ ಜಗಳದ ಮೊದಲ ಪಾಠ ಸಣ್ಣವರ ಪುಸ್ತಕದ ಮುಖಪುಟದಲ್ಲೇ ಆಗಿರುತ್ತೆ.

ಪುಸ್ತಕ ಸುಡಿ ಅಂದೆನಾ? ಇಲ್ಲ. ಒರಿಜಿನಲ್ ಪುಸ್ತಕದಲ್ಲಿದೆ, ಪುಸ್ತಕ ಸಂಗ್ರಹಕಾರರ ಕಪಾಟಿನಲ್ಲಿದೆ, ಅಲ್ಲೇ ಭದ್ರವಾಗಿರಲಿ. ಸರ್ಕಾರಿ ಶಾಲೆ ಗೋಡೆ ಯಾರದ್ದೋ ಆಲ್ಬಮ್ ಅಲ್ಲ. ಅದೇ ಗೋಡೆಯ ಒಳಗೆ ಮಕ್ಕಳು ಸಂವಿಧಾನ ಪೀಠಿಕೆ ಓದ್ತಾರೆ, 2023ರಲ್ಲಿ ಸರ್ಕಾರವೇ ಕಡ್ಡಾಯ ಮಾಡಿದ್ದು. ಒಳಗೆ ಸಮಾನತೆ, ಭ್ರಾತೃತ್ವ ಅಂತ ಬಾಯಲ್ಲಿ ಹೇಳಿಸಿ, ಗೇಟಿನಾಚೆ ಕಪ್ಪಗಿರೋನೇ ಕೆಟ್ಟವನು ಅಂತ ಕಣ್ಣಿಗೆ ತೋರಿಸ್ತೀರಾ? ಮಗು ಯಾವುದನ್ನ ನಂಬಬೇಕು?

*ಸುಮ್ಮನ ವಿವಾದ ಯಾಕ್ರೀ*

ಇದು ನನಗೆ ಹೆಚ್ಚು ನೋವು ಕೊಟ್ಟ ಉತ್ತರ.

ಅಮರ ಚಿತ್ರಕಥೆಯ ನಾನೂರಕ್ಕೂ ಹೆಚ್ಚು ಸಂಚಿಕೆಗಳ ನಡುವೆ 1979ರಲ್ಲಿ 'ಬಾಬಾಸಾಹೇಬ್ ಅಂಬೇಡ್ಕರ್' ಬಂತು. ಕಥೆ ಬರೆದವರು ಎಸ್.ಎಸ್. ರೇಗೆ. ಬಾಬಾಸಾಹೇಬರು ಕಟ್ಟಿದ ಸಿದ್ಧಾರ್ಥ ಕಾಲೇಜಿನಲ್ಲಿ ಗ್ರಂಥಪಾಲಕರಾಗಿದ್ದವರು. ಚಿತ್ರ ಬರೆದವರು ದಿಲೀಪ್ ಕದಂ. ಅಂದ್ರೆ ಸಂಗ್ರಹಕಾರರು ಹೊಗಳೋ ಅದೇ ಸಂಸ್ಥೆ, ಅದೇ ಚಿತ್ರಕಾರರ ಬಳಗ, ಅದೇ ಕಾಲ. ಹೊರಗಿನಿಂದ ತಂದು ತುರುಕಿ ಅಂತ ನಾನು ಹೇಳಿರಲಿಲ್ಲ. ನಿಮ್ಮ ಸಂಗ್ರಹದೊಳಗೇ ಇರೋದನ್ನ ಹೊರಗೆ ತೆಗೀರಿ ಅಂದೆ. ಆ ಸಂಚಿಕೆಯನ್ನೂ ನಾವು ಟೀಕಿಸಬೇಕಾದ್ದಿದೆ, ಅದು ಬೇರೆ ಚರ್ಚೆ. ಆದರೆ ನಮ್ಮ ಎಷ್ಟೋ ಮಕ್ಕಳು ಬಾಬಾಸಾಹೇಬರನ್ನ ಮೂರ್ತಿಯ ಆಚೆಗೆ, ಶಾಲೆಗೆ ಹೋಗೋ ಹುಡುಗನಾಗಿ, ನೀರು ಕೇಳಿದ ಹುಡುಗನಾಗಿ ಮೊದಲು ಕಂಡದ್ದು ಅಂಥ ಬಣ್ಣದ ಹಾಳೆಗಳಲ್ಲೇ.

ವಿವಾದ ಅಂದ್ರು. ಅದೇ ಮಾಲೆಯಲ್ಲಿ ಚೋಖಾಮೇಳನ ಸಂಚಿಕೆಯೂ ಇದೆ, ಬಸವೇಶ್ವರರದ್ದೂ ಇದೆ. ಒಬ್ಬರು "ಬೇಕಾದ್ರ ಚೋಖಾಮೇಳ ಹಾಕೋಣ್ರಿ, ಅವರೂ ನಿಮ್ಮವರ ಅಲ್ಲೇನು" ಅಂದ್ರು. ಗಮನಿಸಿದ್ರಾ? ಗುಡಿ ಬಾಗಿಲ ಹೊರಗೆ ನಿಂತು ದೇವರನ್ನ ನೆನೆಯೋ ನಮ್ಮವನು ವಿವಾದ ಅಲ್ಲ. ಕೆರೆಗೆ ಇಳಿದು ನೀರು ಮುಟ್ಟಿದ ನಮ್ಮವನು ವಿವಾದ. ಚೋಖಾಮೇಳನ ಬಗ್ಗೆ ನನಗೆ ಗೌರವ ಇದೆ. ಅವನನ್ನ ಬಾಬಾಸಾಹೇಬರ ಬದಲಿಗೆ ತಂದು ನಿಲ್ಲಿಸೋ ಜಾಣತನದ ಬಗ್ಗೆ ಇಲ್ಲ.

ಸಂಗ್ರಹ ಅನ್ನೋದು ಪ್ರಾಮಾಣಿಕವಾಗಿದ್ರೆ ಹೆಂಗಿರುತ್ತೆ ಅಂತ ಒಂದು ಉದಾಹರಣೆ ಕೊಡ್ತೀನಿ. 2012ರ ಮೇ ತಿಂಗಳು ನೆನಪಿದೆಯಾ? ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿ ಪುಸ್ತಕದಲ್ಲಿ ಶಂಕರ್ 1949ರಲ್ಲಿ ಬರೆದ ವ್ಯಂಗ್ಯಚಿತ್ರ. ಸಂವಿಧಾನ ಅನ್ನೋ ಬಸವನಹುಳುವಿನ ಮೇಲೆ ಬಾಬಾಸಾಹೇಬರು, ಹಿಂದೆ ಚಾವಟಿ ಹಿಡಿದ ನೆಹರೂ. ಪಾರ್ಲಿಮೆಂಟಿನಲ್ಲಿ ಗದ್ದಲ ಆಯ್ತು. ಆಗಲೂ ದೊಡ್ಡ ದೊಡ್ಡ ಬುದ್ಧಿಜೀವಿಗಳು "ಕಾರ್ಟೂನ್ ಅಷ್ಟೇ, ನಗೋಕೆ ಬರಲ್ವಾ ನಿಮಗೆ" ಅಂತ ನಮಗೇ ಪಾಠ ಮಾಡಿದ್ರು. ಆಂಧ್ರದ ನಮ್ಮದೇ ಹುಡುಗ ಉನ್ನಮಟಿ ಶ್ಯಾಮಸುಂದರ್, ಸ್ವತಃ ವ್ಯಂಗ್ಯಚಿತ್ರಕಾರ, ಏನು ಮಾಡಿದ ಗೊತ್ತಾ? ಹಳೇ ಪತ್ರಿಕೆಗಳ ಕಡತಕ್ಕೆ ಹೋಗಿ ಕೂತ. 1932ರಿಂದ 1948ರವರೆಗೆ ಬಾಬಾಸಾಹೇಬರ ಮೇಲೆ ಬಂದ ವ್ಯಂಗ್ಯಚಿತ್ರಗಳನ್ನ ಒಂದೊಂದಾಗಿ ಹೆಕ್ಕಿದ. ನೂರಕ್ಕೂ ಹೆಚ್ಚು. ಯಾರು ಬರೆದರು, ಯಾವ ಪತ್ರಿಕೆ, ಯಾವ ದಿನ, ಆ ದಿನ ದೇಶದಲ್ಲಿ ಏನು ನಡೀತಿತ್ತು, ಎಲ್ಲ ಪಕ್ಕದಲ್ಲಿ ಬರೆದಿಟ್ಟ. 2019ರಲ್ಲಿ ನವಯಾನ ಪ್ರಕಾಶನದಿಂದ 'ನೋ ಲಾಫಿಂಗ್ ಮ್ಯಾಟರ್' ಅಂತ ಪುಸ್ತಕ ಆಯ್ತು. ಒಂದು ಚಿತ್ರವನ್ನೂ ಹರಿಯಲಿಲ್ಲ, ಸುಡಲಿಲ್ಲ. ಸಾಲಾಗಿ ಜೋಡಿಸಿ ಇಟ್ಟ. ಒಂದು ಚಿತ್ರ ಇದ್ದಾಗ ತಮಾಷೆ ಅನ್ನಿಸೋದು ನೂರು ಸಾಲಾಗಿ ನಿಂತಾಗ ಏನು ಅಂತ ಓದಿದವರಿಗೆ ಅರ್ಥ ಆಯ್ತು.

ಸಂಗ್ರಹಕಾರ ಅಂದ್ರೆ ನನ್ನ ಪ್ರಕಾರ ಅವನು. ಸಿಹಿಯಾದದ್ದನ್ನ ಮಾತ್ರ ಎತ್ತಿಟ್ಟುಕೊಂಡು ಕಹಿಯನ್ನ ವಿವಾದ ಅನ್ನೋನು ಮಿಠಾಯಿ ಡಬ್ಬಿ ಇಟ್ಟುಕೊಂಡಿರೋನು.

*ದಾನಿಗಳ ಹೆಸರಿಗೇ ಜಾಗ ಸಾಲವಲ್ದು*

ಈಗ ಮೂರನೇದು, ಕಾಕಾನ ಹೆಸರು.

ಅಮೆರಿಕದ ಕಾರ್ಲ್ ಬಾರ್ಕ್ಸ್ ಅಂತ ಒಬ್ಬ ಚಿತ್ರಕಾರ. ಡೊನಾಲ್ಡ್ ಡಕ್ ಕಥೆಗಳನ್ನ ಎರಡು ದಶಕಕ್ಕೂ ಹೆಚ್ಚು ಕಾಲ ಬರೆದವನು. ದುಡ್ಡಿನ ರಾಶಿಯಲ್ಲಿ ಈಜೋ ಜಿಪುಣ ಅಂಕಲ್ ಸ್ಕ್ರೂಜ್ 1947ರಲ್ಲಿ ಹುಟ್ಟಿದ್ದು ಇವನ ಕೈಯಲ್ಲೇ. ಆದರೆ ಪುಸ್ತಕದ ಮೇಲೆ ಇರ್ತಿದ್ದ ಹೆಸರು ವಾಲ್ಟ್ ಡಿಸ್ನಿ ಒಂದೇ. ಓದುಗರಿಗೆ ಇವನ ಹೆಸರೇ ಗೊತ್ತಿರಲಿಲ್ಲ. "ಬಾತುಕೋಳಿ ಚೆನ್ನಾಗಿ ಬರೆಯೋನು" ಅಂತ ಗೆರೆ ನೋಡಿ ಗುರುತು ಹಿಡೀತಿದ್ರು. 1960ರ ಸುಮಾರಿಗೆ ಕೆಲವು ಅಭಿಮಾನಿಗಳು ಹುಡುಕಿ ಹೆಸರು ಹೊರಗೆ ತಂದರು. ನಿವೃತ್ತಿ ಆದ ಮೇಲೆ, 1971ರಿಂದ, ಕಂಪನಿಯ ಅನುಮತಿ ಪಡೆದು ತನ್ನದೇ ಹಳೇ ಮುಖಪುಟಗಳನ್ನ ತೈಲವರ್ಣದಲ್ಲಿ ಮತ್ತೆ ಬರೆಯೋಕೆ ಶುರು ಮಾಡಿದ. ಸಂಗ್ರಹಕಾರರು ಸಾಲಲ್ಲಿ ನಿಂತು ಕೊಂಡರು. ಮುಖಪುಟ ಮತ್ತೆ ಬರೆಸೋ ಹುಚ್ಚಿಗೆ ದೊಡ್ಡ ಹೆಸರು ತಂದವನು ಅವನೇ. ಅಲ್ಲಿ ಮರುಚಿತ್ರ ಅನ್ನೋದು ಅವನ ಹೆಸರನ್ನ ಅವನಿಗೆ ವಾಪಸ್ ಕೊಟ್ಟ ಕೆಲಸ ಆಗಿತ್ತು. ಇಲ್ಲಿ ಅದೇ ಹವ್ಯಾಸ ಒಬ್ಬನ ಹೆಸರನ್ನ ಅಳಿಸೋ ಕೆಲಸ ಮಾಡ್ತಿದೆ.

ಕಾಕಾ ಮೂವತ್ತು ವರ್ಷದಿಂದ ಈ ಮೂರೂ ಊರಲ್ಲಿ ಬೋರ್ಡ್ ಬರೆದವರು. ಹಾವೇರಿಯ ಅಂಗಡಿ ಬೋರ್ಡು, ರಾಣೆಬೆನ್ನೂರಿನ ಬೀಜದಂಗಡಿ ಗೋಡೆ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ ಹೆಸರು, ಲಾರಿ ಹಿಂದಿನ ಹದ್ದು, ಚುನಾವಣೆ ಚಿಹ್ನೆ. ಫ್ಲೆಕ್ಸ್ ಮಷೀನ್ ಬಂತು, ಕೆಲಸ ಹೋಯ್ತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸ್ ಬ್ಯಾನರ್ ಕೂಡ ನಿಷೇಧ ಮಾಡಿತು ಅಂತ ಪೇಪರಲ್ಲಿ ಬಂದಾಗ ಕಾಕಾ ಬ್ರಷ್ಷು ತೊಳೆದು ಇಟ್ಟಿದ್ದರಂತೆ. ನಿಷೇಧ ಹಾಳೆ ಮೇಲೆ ಉಳೀತು, ಫ್ಲೆಕ್ಸು ಸರ್ಕಲ್ ಮೇಲೆ ಉಳೀತು.

"ನೀವು ಹಿಂಗ ಗಲಾಟೆ ಮಾಡಿದ್ರ ಆ ಬಡವನ ಹೊಟ್ಟಿಗೆ ಕಲ್ಲು ಬೀಳತೈತಿ" ಅಂತ ನನಗೆ ಬುದ್ಧಿ ಹೇಳಿದ್ರು. ಬಡವನ ಮೇಲೆ ಇಷ್ಟು ಕನಿಕರ ಇರೋರು ಅವರ ಹೆಸರಿಗೆ ಒಂದು ಅಂಗೈ ಅಗಲ ಜಾಗ ಯಾಕೆ ಕೊಡಲ್ಲ? ನಾನು ಕಾಕಾನನ್ನೇ ಕೇಳಿದೆ. ಅವರು ಅಂದದ್ದು: "ತಮ್ಮಾ, ರೊಕ್ಕ ಕೊಡ್ತಾರ, ಬ್ಯಾಡ ಅನ್ನಾಕ ಬರೂದಿಲ್ಲ. ಆದ್ರ ಮೂವತ್ತು ವರ್ಷ ಊರ ಮಂದಿ ಹೆಸರೆಲ್ಲಾ ಬರದೀನಿ. ನನ್ನ ಹೆಸರು ಎಲ್ಲೆರ ಐತೇನು ನೋಡು." ಇದಕ್ಕಿಂತ ಹೆಚ್ಚು ನಾನೇನು ಬರೀಲಿ?

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಕೆಂಪು ಬಣ್ಣ ತೆಗೆದು ದೇಶವಿದೇಶಕ್ಕೆ ಕಳಿಸ್ತಾರೆ. ಊರಿನ ಹೆಸರು ಜಗತ್ತಿಗೆ ಗೊತ್ತು. ಘಾಟಿನಲ್ಲಿ ಕೆಮ್ಮುತ್ತಾ ತೊಟ್ಟು ಬಿಡಿಸೋ ನಮ್ಮ ಅವ್ವ-ಅಕ್ಕಂದಿರ ಹೆಸರು ಯಾರಿಗೆ ಗೊತ್ತು? ಬಣ್ಣ ಊರಿನದು, ಕೆಮ್ಮು ಕೇರಿಯದು. ಗೋಡೆ ಮೇಲಿನ ಬಣ್ಣದ್ದೂ ಅದೇ ಕಥೆ.

ಸಹಿ ಅಂದ್ರೆ ಅಹಂಕಾರ ಅಂತ ಒಬ್ಬರು ಅಧ್ಯಾತ್ಮ ಹೇಳಿದ್ರು. ಅವರನ್ನ ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರಕ್ಕೆ ಕರ್ಕೊಂಡು ಹೋಗಬೇಕು. ತುಂಗಭದ್ರೆ ದಂಡೆ, ಅಂಬಿಗರ ಚೌಡಯ್ಯನವರ ನೆಲ. ಹನ್ನೆರಡನೇ ಶತಮಾನದಲ್ಲಿ ಉಳಿದ ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಅಂಕಿತ ಇಟ್ಟರೆ, ಈ ದೋಣಿ ಹುಟ್ಟು ಹಾಕೋ ಮನುಷ್ಯ ತನ್ನ ಹೆಸರನ್ನೇ, ತನ್ನ ಕಸುಬನ್ನೇ ಅಂಕಿತ ಮಾಡಿಕೊಂಡ. ನಾನು ಅಂಬಿಗ, ಇದು ನನ್ನ ಮಾತು ಅಂತ ಎದೆ ತಟ್ಟಿ ಹೇಳಿದ ಹಾಗೆ. ದುಡಿಯೋನು ತನ್ನ ಕೆಲಸಕ್ಕೆ ತನ್ನ ಹೆಸರು ಹಾಕೋದು ಈ ಜಿಲ್ಲೆಗೆ ಎಂಟುನೂರು ವರ್ಷಕ್ಕೂ ಹಳೇ ರೂಢಿ. ದಾನಿಗಳ ಪಟ್ಟಿ ಅದರ ಮುಂದೆ ನಿನ್ನೆ ಮೊನ್ನೆಯದು. ಚೌಡಯ್ಯನನ್ನ, ಪಕ್ಕದ ಕಾಗಿನೆಲೆಯ ಕನಕನನ್ನ ಹತ್ತು ಚಿತ್ರದಲ್ಲಿ ಒಂದಾಗಿ ಬರೆಸೋಣ ಅಂತ ಯಾರಿಗೂ ಹೊಳೀಲೂ ಇಲ್ಲ, ಅದು ಬೇರೆ ಮಾತು.

*ನಾವು ಮಾಡಬೇಕಾದ್ದು*

ಅವರನ್ನ ಬೈದು ಮುಗಿಸಿದರೆ ಸಾಲದು. ನಮ್ಮ ಸಂಘಟನೆಗಳಿಗೂ ಒಂದು ಮಾತು ಇದೆ.

ಕಾಕಾನಂಥ ಪೇಂಟರುಗಳು ನಮ್ಮ ಕೇರಿಗಳಲ್ಲಿ ಬರೆದ ಬಾಬಾಸಾಹೇಬರ ಚಿತ್ರಗಳು ಎಷ್ಟಿವೆ? ಸಮುದಾಯ ಭವನದ ಗೋಡೆ, ಬಸ್ ಸ್ಟಾಪಿನ ಹಿಂದೆ, ಸಂಘದ ತಗಡಿನ ಬೋರ್ಡು. ಫೋಟೋ ಮೇಲೆ ಚೌಕ ಎಳೆದು, ಗೋಡೆ ಮೇಲೆ ದಾರಕ್ಕೆ ಸುಣ್ಣ ಹಚ್ಚಿ ಅದೇ ಚೌಕ ಹೊಡೆದು, ಎನಾಮೆಲ್ ಪೇಂಟಿನಲ್ಲಿ ಬರೆದವು. ಒಂದೊಂದು ಊರಿನ ಬಾಬಾಸಾಹೇಬರ ಮುಖ ಒಂದೊಂದು ಥರ. ಒಂದರಲ್ಲಿ ಗಲ್ಲ ತುಂಬಿರುತ್ತೆ, ಒಂದರಲ್ಲಿ ಕನ್ನಡಕ ಸಣ್ಣದು, ಒಂದರಲ್ಲಿ ಸೂಟಿನ ನೀಲಿ ಗಾಢ. ಬರೆದವನು ತಾನು ಕಂಡ ಒಬ್ಬ ಹಿರಿಯನ ಮುಖವನ್ನ ಅದರಲ್ಲಿ ಸೇರಿಸಿರ್ತಾನೆ. ಅವು ನಮ್ಮ ಮುಖಪುಟಗಳು. ನಮ್ಮ ಕೇರಿ ಅನ್ನೋ ಪುಸ್ತಕದ ಮುಖಪುಟ.

ಅವನ್ನ ನಾವೇ ಅಳಿಸ್ತಿದ್ದೀವಿ. ಏಪ್ರಿಲ್ 14 ಬಂತು ಅಂದ್ರೆ ಹಳೇ ಗೋಡೆಗೆ ಸುಣ್ಣ, ಅದರ ಮೇಲೆ ಮೊಳೆ ಹೊಡೆದು ಫ್ಲೆಕ್ಸು. ಫ್ಲೆಕ್ಸಿನಲ್ಲಿ ಬಾಬಾಸಾಹೇಬರ ಮುಖ ಕಾಲುಭಾಗ, ಮುಖಂಡರ ಮುಖ ಮುಕ್ಕಾಲು ಭಾಗ. ಮಳೆಗೆ ಹರಿದು ಚರಂಡಿಗೆ ಬೀಳುತ್ತೆ. ಆಮೇಲೆ ಯಾರು ಹರಿದರು ಅಂತ ಊರಲ್ಲಿ ಜಗಳ, ಪೊಲೀಸು, ನಮ್ಮ ಹುಡುಗರ ಮೇಲೆ ಕೇಸು. ಗೋಡೆ ಮೇಲೆ ಬರೆದ ಬಾಬಾಸಾಹೇಬರನ್ನ ಮಳೆಗಾಳಿ ಅಷ್ಟು ಸುಲಭಕ್ಕೆ ಹರಿಯೋಕಾಗುತ್ತಾ?

ಚಿತ್ರ ಹೆಂಗಿರಬೇಕು ಅನ್ನೋದಕ್ಕೂ ನಮ್ಮಲ್ಲಿ ದಾರಿ ಇದೆ. 2011ರಲ್ಲಿ ನವಯಾನದವರು 'ಭೀಮಾಯಣ' ತಂದರು. ಬಾಬಾಸಾಹೇಬರ ಬದುಕನ್ನ ಬರೆದವರು ಮಧ್ಯಪ್ರದೇಶದ ಪರ್ಧಾನ್ ಗೊಂಡ ಕಲಾವಿದರು, ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಮನುಷ್ಯರನ್ನ ಕಾಮಿಕ್ಸಿನ ಚೌಕದೊಳಗೆ ಕೂಡಿಹಾಕೋದು ಅವರಿಗೆ ಒಪ್ಪಿಗೆ ಆಗಲಿಲ್ಲ. ಚೌಕ ಒಡೆದರು, ತಮ್ಮ ಮನೆ ಗೋಡೆಯ ರಂಗೋಲಿ ಗೆರೆಯನ್ನೇ ಪುಟದ ಅಂಚು ಮಾಡಿದರು. ಒಳ್ಳೇ ಮಾತಿಗೆ ಹಕ್ಕಿ ಆಕಾರದ ಗುಳ್ಳೆ, ಜಾತಿಯ ವಿಷ ಕಾರೋ ಮಾತಿಗೆ ಚೇಳಿನ ಕೊಂಡಿ ಇರೋ ಗುಳ್ಳೆ. ನೋಡಿದ ಮಗುವಿಗೆ ಯಾರ ಮಾತು ಕುಟುಕುತ್ತೆ ಅಂತ ತಕ್ಷಣ ತಿಳಿಯುತ್ತೆ. ಕೆಟ್ಟತನವನ್ನ ಮೈಬಣ್ಣದಲ್ಲಿ ತೋರಿಸಲಿಲ್ಲ, ಮಾತಿನಲ್ಲಿ ತೋರಿಸಿದರು. ಇಷ್ಟೇ ನಾನು ಆ ಗೋಡೆಗೂ ಕೇಳ್ತಿರೋದು.

ಹಳೇ ವಿದ್ಯಾರ್ಥಿಗಳ ಬಳಗಕ್ಕೆ ನಮ್ಮ ಬೇಡಿಕೆಗಳು:

1. ಹತ್ತು ಚಿತ್ರಗಳಲ್ಲಿ ಬಾಬಾಸಾಹೇಬರ ಸಂಚಿಕೆಯ ಮುಖಪುಟ ಇರಲೇಬೇಕು. ಮೂಲೆಯಲ್ಲಲ್ಲ, ಗೇಟಿನ ಪಕ್ಕ.

2. ರಾಕ್ಷಸ ಅಂತ ಯಾರನ್ನೂ ಕಪ್ಪು ಮೈಯಲ್ಲಿ ಬರೆಸಬೇಡಿ. ಒರಿಜಿನಲ್ ಬದಲಾಯಿಸೋಕೆ ಮನಸ್ಸಿಲ್ಲದಿದ್ದರೆ ಆ ಮುಖಪುಟ ಬಿಟ್ಟು ಬೇರೆ ಆರಿಸಿ. ನಾನೂರರಲ್ಲಿ ಹತ್ತು ಸಿಗಲ್ವಾ?

3. ಪ್ರತಿ ಚಿತ್ರದ ಕೆಳಗೆ ಮೂಲ ಚಿತ್ರಕಾರನ ಹೆಸರು, ವರ್ಷ, ಮತ್ತೆ ಬರೆದ ಪೇಂಟರ್ ಹೆಸರು. ದಾನಿಗಳ ಹೆಸರು ಅದಕ್ಕಿಂತ ಸಣ್ಣ ಅಕ್ಷರದಲ್ಲಿ.

ಇದಕ್ಕೆ ಒಪ್ಪಿದರೆ ಸುಣ್ಣ ಬಳಿಯೋಕೆ ನಾವೂ ಬರ್ತೀವಿ. ಒಪ್ಪದಿದ್ದರೆ ಬಿಇಒ ಕಚೇರಿಗೆ ಮನವಿ ಕೊಡ್ತೀವಿ, ಅಲ್ಲೂ ಆಗದಿದ್ದರೆ ಮುಂದಿನ ದಾರಿ ನಮಗೆ ಗೊತ್ತಿದೆ.

ನಮ್ಮ ಹುಡುಗರಿಗೆ, ಹುಡುಗಿಯರಿಗೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಮೂರೂ ತಾಲೂಕಿನ ನಿಮ್ಮ ನಿಮ್ಮ ಕೇರಿಯಲ್ಲಿ ಕೈಯಲ್ಲಿ ಬರೆದ ಬಾಬಾಸಾಹೇಬರ ಚಿತ್ರ ಎಲ್ಲೇ ಇರಲಿ, ಬೆಳಗಿನ ಬೆಳಕಿನಲ್ಲಿ ನೇರವಾಗಿ ನಿಂತು ಒಂದು ಫೋಟೋ ತೆಗೀರಿ. ಇಡೀ ಗೋಡೆ ಒಂದು, ಮುಖ ಹತ್ತಿರದಿಂದ ಒಂದು. ಸೆಲ್ಫಿ ಬೇಡ. ಹಿರಿಯರನ್ನ ಕೂರಿಸಿ ಕೇಳಿ: ಯಾರು ಬರೆದರು, ಯಾವ ವರ್ಷ, ದುಡ್ಡು ಯಾರು ಕೂಡಿಸಿದರು, ಆಗ ಊರಲ್ಲಿ ಯಾರಾದರೂ ತಡೆದರಾ. ಬರೆದಿಡಿ. ಪೇಂಟರ್ ಬದುಕಿದ್ದರೆ ಅವರ ಮಾತು ರೆಕಾರ್ಡ್ ಮಾಡಿ, ಮೊದಲು ಅವರ ಒಪ್ಪಿಗೆ ಕೇಳಿ. ದಸಂಸ ಕಾಲದ ಹಳೇ ಕರಪತ್ರ, ಪೋಸ್ಟರ್, ಜಾಥಾದ ಬ್ಯಾನರ್ ಬಟ್ಟೆ ಯಾರ ಟ್ರಂಕಿನಲ್ಲಿದ್ದರೂ ಎಸೆಯಬೇಡಿ ಅನ್ನಿ. ಜಯಂತಿಗೆ ಮುಂಚೆ ಗೋಡೆಗೆ ಸುಣ್ಣ ಹೊಡೆಯೋಕೆ ಬಂದವರನ್ನ ಒಂದು ದಿನ ತಡೆದು ಫೋಟೋ ತೆಗೀರಿ. ಸಾಧ್ಯ ಇದ್ದರೆ ಅಳಿಸೋ ಬದಲು ಅದೇ ಪೇಂಟರನ್ನ ಕರೆಸಿ, ಅದೇ ಗೆರೆ ಮೇಲೆ ಹೊಸ ಬಣ್ಣ ತುಂಬಿಸಿ, ಕೆಳಗೆ ಅವರ ಸಹಿ ಹಾಕಿಸಿ. ಫ್ಲೆಕ್ಸಿಗೆ ಕೊಡೋ ದುಡ್ಡು ಅವರಿಗೆ ಕೊಡಿ.

ಬಾಬಾಸಾಹೇಬರು ಮುಂಬಯಿಯ ದಾದರಿನಲ್ಲಿ ಮನೆ ಕಟ್ಟಿಸಿದ್ದು ಪುಸ್ತಕ ಇಡೋಕೆ. ರಾಜಗೃಹ. ಸಾವಿರಾರು ಪುಸ್ತಕ ಕೂಡಿಸಿದ ಮನುಷ್ಯನ ಮಕ್ಕಳು ನಾವು. ಸಂಗ್ರಹ ಅನ್ನೋದು ಉಳ್ಳವರ ಹವ್ಯಾಸ ಅಂತ ಯಾಕೆ ಅಂದ್ಕೊಂಡಿದ್ದೀವಿ? ನಮ್ಮದನ್ನ ನಾವು ಕೂಡಿಸಿಡದಿದ್ದರೆ, ನಾಳೆ ಇನ್ಯಾರೋ ನಮ್ಮ ಕಾಲದ ಮುಖಪುಟ ಮತ್ತೆ ಬರೆಸ್ತಾರೆ. ಆಗ ಅದರಲ್ಲಿ ನಮ್ಮ ಜಾಗ ಎಲ್ಲಿರುತ್ತೆ, ನಮ್ಮ ಮೈಬಣ್ಣ ಏನಿರುತ್ತೆ ಅಂತ ಮೇಲೆ ಓದಿದ್ದೀರಿ.

ಫೋಟೋಗಳನ್ನ ಊರಿನ ಹೆಸರು, ಪೇಂಟರ್ ಹೆಸರು ಹಾಕಿ ನನಗೆ ಇನ್‌ಬಾಕ್ಸ್ ಮಾಡಿ. ಕಾಕಾ ಬರೆದ ಹನ್ನೊಂದು ಗೋಡೆಗಳ ಪಟ್ಟಿ ನನ್ನ ಕೈಯಲ್ಲಿದೆ. ಅದರಲ್ಲಿ ನಾಲ್ಕಕ್ಕೆ ಆಗಲೇ ಸುಣ್ಣ ಬಿದ್ದಿದೆ. ಉಳಿದ ಏಳರಿಂದ ಶುರು ಮಾಡೋಣ.

ಜೈ ಭೀಮ್.